ಇಟ್ಟಿಗೆಯ ಬಾಯಾರಿಕೆ

ಇಟ್ಟಿಗೆಗಳಿಗೂ ಬಾಯಾರಿಕೆಯಾಗುತ್ತಿದ್ದ ಕಾಲದಲ್ಲಿ ಒಬ್ಬ ಮೇಸ್ತ್ರಿಯಿದ್ದ. ಕಂಡವರಿಗೆಲ್ಲ ಮನೆ ಕಟ್ಟಿಕೊಟ್ಟ; ಹೆತ್ತ ತಾಯಿ ಮಾತ್ರ ತಗಡಿನ ಮರೆಯಲ್ಲೇ ಸ್ನಾನ ಮಾಡುತ್ತಿದ್ದಳು. "ಈ ಕೆಲಸ ಒಂದು ಮುಗೀಲಿ, ಆಮೇಲೆ ನಿಂಗೆ ಬಚ್ಚಲಮನೆ" ಎಂದು ಮಾತು ಕೊಟ್ಟಿದ್ದ. ಕೆಲಸ ಮುಗಿಯಲಿಲ್ಲ. ತಗಡಿನ ಅಂಚಿಗೆ ತುಕ್ಕು ಹಿಡಿಯಿತು, ಮುದುಕಿಯ ಬೆನ್ನು ಬಾಗಿತು, ಕೊನೆಗೆ ಮೇಸ್ತ್ರಿಯ ಬಲಗೈಯೇ ನಡುಗತೊಡಗಿತು. ಬಹಳ ಹಿಂದಿನ ಮಾತೇನಲ್ಲ, ಕಳೆದ ತಿಂಗಳಿನದು.

ನಡುಗುವ ಕೈಯಲ್ಲಿ ಗಾರೆ ಎಳೆಯಲಾಗದು. ತಾಯಿಯ ಬಚ್ಚಲಮನೆ ಈಗಲಾದರೂ ಏಳಲೆಂದು ಮೇಸ್ತ್ರಿ ಹಿತ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಹನ್ನೊಂದು ವರ್ಷ ಅವನಿಗೆ ಇಟ್ಟಿಗೆ, ಗಾರೆ ಹೊತ್ತುಕೊಟ್ಟಿದ್ದ ಮಗಳು ಎದುರಿಗೇ ನಿಂತಿದ್ದಳು. ಅವನು ಗಾರೆ ಎಳೆಯುವ ಕರಣೆ ಚಾಚಿದ್ದು ಸೊಸೆಯತ್ತ.

"ತಗೋಮ್ಮ. ನಾನು ಬಾಯಲ್ಲಿ ಹೇಳ್ತೀನಿ, ನೀನು ಕೈಯಲ್ಲಿ ಮಾಡು."

ಮನೆಗೆ ಬಂದು ಆರು ತಿಂಗಳಾಗಿದ್ದ ಸೊಸೆಗೆ ಎಲ್ಲವೂ ಹೊಸತು. "ಇದೇನು ಮಾವ?"

"ರಸಮಟ್ಟ. ಗಾಜಿನೊಳಗಿನ ಗುಳ್ಳೆ ನಡುಮಧ್ಯ ನಿಂತ್ರೆ ವರಸೆ ಸಮ ಇದೆ ಅಂತ. ಒಂದು ಸಾಲು ಇಟ್ಟಿಗೆಗೆ ವರಸೆ ಅಂತೀವಿ."

"ದಾರದಲ್ಲಿ ನೇತಾಡ್ತಿದೆಯಲ್ಲ, ಇದು?"

"ತೂಕದ ಗುಂಡು. ಗೋಡೆ ನೆಟ್ಟಗೆ ನಿಂತಿದೆಯಾ, ಹೊಟ್ಟೆ ಬಿಟ್ಟಿದೆಯಾ ಅಂತ ಅದೇ ಹೇಳುತ್ತೆ."

"ಹಾಗಾದ್ರೆ ಇದನ್ನ ಮೊದಲು ನಿಮ್ಮ ಮಗನ ಪಕ್ಕ ಹಿಡೀಬೇಕು!"

ಮೇಸ್ತ್ರಿ ಕೆಮ್ಮು ಬರುವಷ್ಟು ನಕ್ಕ. ಮಗಳು ಗಾರೆ ತುಂಬಿದ ಬಾಂಡ್ಲಿಯನ್ನು ದಡಕ್ಕನೆ ಕೆಳಗಿಟ್ಟಳು. ಅಪ್ಪ ಹೀಗೂ ನಗುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಈ ಪದಗಳೆಲ್ಲ ಅವಳ ಕಿವಿಗೆ ಬಿದ್ದದ್ದು ಬೈಗುಳವಾಗಿ. "ರಸಮಟ್ಟ ಕೇಳಿದ್ರೆ ಗುಂಡು ತರ್ತೀಯಲ್ಲೇ, ಕಣ್ಣು ಎಲ್ಲಿಟ್ಟಿದೀಯ?" ಅದೇ ಬಾಯಿಂದ ಅವೇ ಪದಗಳು ಈಗ ಜೇನಿನಲ್ಲಿ ಅದ್ದಿದಂತೆ ಬರುತ್ತಿದ್ದವು.

ಕಲ್ಲಿನ ಮೇಲೆ ಕೂತಿದ್ದ ಅಜ್ಜಿ ಕೇಳಿದಳು, "ಏನೇ, ಮುಖ ಯಾಕೆ ಹಾಗೆ ಊದಿದೆ?"

"ಬಿಸಿಲು."

ಮೂರನೆಯ ದಿನ ಸಂಜೆ ಅಪ್ಪ ಕೂಗಿದ, "ಎಲ್ಲಿ ನಮ್ಮ ಚಿಕ್ಕ ಮೇಸ್ತ್ರಿ?" ಮಗಳು ಥಟ್ಟನೆ ತಿರುಗಿದಳು. ಅವನು ಕರೆದದ್ದು ಅವಳನ್ನಲ್ಲ.

ಇಟ್ಟಿಗೆ ನೆನೆಸುವುದು ಮಗಳ ಪಾಲಿನ ಕೆಲಸ. ಹಿಂದಿನ ಸಂಜೆಯೇ ಡ್ರಮ್ಮಿನ ನೀರಿಗೆ ಇಳಿಸಬೇಕು. ಗುಳುಗುಳು ಎದ್ದ ಗುಳ್ಳೆಗಳು ನಿಂತ ಮೇಲೆ ಇಟ್ಟಿಗೆಯ ಹೊಟ್ಟೆ ತುಂಬಿತು ಎಂದರ್ಥ. ಒಣಗಿದ್ದನ್ನೇ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ, ಗಾರೆ ಹಿಡಿಯದೆ ಪುಡಿಯಾಗುತ್ತದೆ. ಆ ಸಂಜೆ ಅವಳು ಡ್ರಮ್ಮಿನ ಬಳಿಗೆ ಹೋಗಲಿಲ್ಲ. ಬೆಳಿಗ್ಗೆ ಒಣ ಇಟ್ಟಿಗೆ ಜೋಡಿಸಿ ಮೇಲೆ ಎರಡು ಚೆಂಬು ನೀರು ಚಿಮುಕಿಸಿದಳು. ನೋಡುವವರಿಗೆ ಆಗತಾನೇ ಮಿಂದಂತಿದ್ದವು.

ಸೊಸೆ ಅಂದು ಐದು ವರಸೆ ಏರಿಸಿದಳು. ಮರುದಿನ ಅದರ ಮೇಲೆ ಕೈಯೂರಿದ್ದೇ ತಡ, ಮೇಲಿನೆರಡು ವರಸೆ ಕೈಯೊಡನೆ ಜಾರಿ ಕೆಳಗೆ ಬಂದವು. ಒಂದು ಇಟ್ಟಿಗೆ ಅವಳ ಪಾದದ ಪಕ್ಕದಲ್ಲೇ ಬಿತ್ತು.

"ನನ್ನ ಕೈಗುಣವೇ ಸರಿಯಿಲ್ಲ ಮಾವ," ಎಂದಳು ಸೊಸೆ, ಬಿದ್ದ ಇಟ್ಟಿಗೆಗಳನ್ನು ಬದಿಗೆ ಸರಿಸುತ್ತ.

ಮೇಸ್ತ್ರಿ ಆ ಇಟ್ಟಿಗೆಯನ್ನು ತರಿಸಿಕೊಂಡು ತೊಡೆಯ ಮೇಲಿಟ್ಟುಕೊಂಡ. ಅಡಿಯಲ್ಲಿ ಗಾರೆ ಹಿಟ್ಟಿನಂತೆ ಉದುರಿತು. ಚೆಂಬಿನಿಂದ ತುಸು ನೀರು ಸುರಿದ. ನೀರು ಹರಿಯಲೇ ಇಲ್ಲ, ಇಂಗಿಹೋಯಿತು. ತಲೆಯೆತ್ತಿ ಮಗಳನ್ನು ನೋಡಿದ. ಅವಳು ಬೈಗುಳಕ್ಕೆ ಕಾದಳು.

"ತಪ್ಪು ನಂದೇ ಕಣಮ್ಮ," ಎಂದ ಸೊಸೆಗೆ. "ಇಟ್ಟಿಗೆ ನೆನೆಸೋದನ್ನ ನಿಂಗೆ ಹೇಳ್ಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದಿನಾನೂ ನಾನದನ್ನ ಮುಟ್ಟಿ ನೋಡಬೇಕಾಗಿರಲಿಲ್ಲ. ಅದೂ ಒಂದು ಕೆಲಸ ಅನ್ನೋದೇ ಮರೆತೋಗಿತ್ತು."

"ನಾನೇ ನೆನೆಸಲಿಲ್ಲ," ಎಂದಳು ಮಗಳು. "ಬೇಕಂತ್ಲೇ."

"ನನ್ನ ಕಾಲ ಮೇಲೆ ಬಿದ್ದಿದ್ರೆ ಏನ್ ಮಾಡ್ತಿದ್ರಿ ಅತ್ತಿಗೆ?"

ಗಂಡನ ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. "ಕರಣೆ ನಂಗ್ಯಾಕೆ ಕೊಡ್ಲಿಲ್ಲ?"

ಮೇಸ್ತ್ರಿ ನಿಜಕ್ಕೂ ಬೆರಗಾದ. "ನಿಂಗೆ ಕೊಟ್ರೆ ಇಟ್ಟಿಗೆ ನೆನೆಸೋರು ಯಾರೇ?"

"ನೀನು ನೆನೆಸು," ಎಂದಳು ಅಜ್ಜಿ ಕಲ್ಲಿನ ಮೇಲಿಂದ. "ನಡುಗೋ ಕೈಯನ್ನ ನೀರು ಬೇಡ ಅನ್ನುತ್ತಾ?"

ಸೊಸೆ ಕರಣೆಯನ್ನು ಸೆರಗಿನಿಂದ ಒರೆಸಿ, ಹಿಡಿಯನ್ನು ಮುಂದೆ ಮಾಡಿ ಮಗಳತ್ತ ಚಾಚಿದಳು. ಮುಖ ಮಾತ್ರ ಅತ್ತ ತಿರುಗಿತ್ತು.

ಎಲ್ಲ ಹೆಸರೂ ಗೊತ್ತಿದ್ದವಳ ಕೈಗೆ ಕೆಲಸ ಗೊತ್ತಿರಲಿಲ್ಲ. ಮೊದಲ ವರಸೆ ಹಾವಿನಂತೆ ಡೊಂಕಾಯಿತು. ಸೊಸೆ ಗುಂಡು ಇಳಿಬಿಟ್ಟು, "ಅತ್ತಿಗೆ, ಹೊಟ್ಟೆ ಬಿಟ್ಟಿದೆ" ಎಂದಳು, ಬಾಯಿ ಚಪ್ಪರಿಸಿಕೊಂಡು ಹೇಳುವಂತೆ. ಮಗಳು ಹಲ್ಲು ಕಚ್ಚಿ ಕಿತ್ತಳು, ಮತ್ತೆ ಇಟ್ಟಳು. ಒಂದು ಗೋಡೆ ಇವಳದು, ಎದುರಿನದು ಇನ್ನೊಂದು ಕರಣೆ ಹಿಡಿದ ಸೊಸೆಯದು. ಅವಳ ಇಟ್ಟಿಗೆಗಳ ನಡುವಿನ ಸಂದುಗಳು ತನ್ನವಕ್ಕಿಂತ ತೆಳುವಾಗಿರುವುದನ್ನು ಮಗಳು ದಿನಕ್ಕೆ ಹತ್ತು ಸಲ ನೋಡಿದಳು. ಹತ್ತು ಸಲವೂ ಹೊಟ್ಟೆ ಉರಿಯಿತು. ಕತ್ತಲಾಗುವವರೆಗೂ ಕರಣೆ ಕೆಳಗಿಡಲಿಲ್ಲ.

ಒಂಬತ್ತನೆಯ ದಿನ, ತುಕ್ಕಿನ ಅಂಚು ಕತ್ತರಿಸಿದ ಅದೇ ಹಳೆಯ ತಗಡು ಸೂರಾಗಿ ಮೇಲೇರಿತು. ಬಾಗಿಲು ಕೂತಿತು.

"ಗೋಡೆಗೆ ಗಿಲಾವು ಇನ್ನೂ ಮೆತ್ತಿಲ್ಲ, ತಡೀ ಅಜ್ಜಿ!" ಇಬ್ಬರೂ ಒಟ್ಟಿಗೇ ಕೂಗಿದರು. ಅಜ್ಜಿ ಹೆಗಲಿಗೆ ಟವೆಲ್ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಡ್ರಮ್ಮಿನ ಬಳಿ ಮೊಣಕೈವರೆಗೂ ಒದ್ದೆಯಾಗಿ ನಿಂತಿದ್ದ ಮೇಸ್ತ್ರಿ ಕಿವಿಗೊಟ್ಟ.

ಒಳಗೆ ಮೊದಲ ಚೆಂಬು ನೀರು ಸುರಿದ ಸದ್ದು ಕೇಳಿತು.