ಮೂರು ಬೆರಳಿನ ಪರೀಕ್ಷೆ

ಪವಾಯಿಯಲ್ಲಿ ನಾವು ಕಟ್ಟುತ್ತಿರುವ ಬಿಲ್ಡಿಂಗಿಗೆ ಮೂವತ್ತೆರಡು ಮಹಡಿ. ಅಲ್ಲಿ ಹನ್ನೊಂದು ಗಂಟೆಗೆ ನಮಗೆ ಚಹಾ ಕೊಡುವುದಿಲ್ಲ, ಮಾವಾ ಕೊಡುತ್ತಾರೆ. ಅಡಿಕೆ ಚೂರು, ತಂಬಾಕು, ಸುಣ್ಣ ಮೂರನ್ನೂ ತಿಕ್ಕಿ ಮಾಡಿದ್ದು. ಚಹಾಕ್ಕೆ ಕೂತರೆ ಇಪ್ಪತ್ತು ನಿಮಿಷ ಕೈ ಖಾಲಿ. ಮಾವಾ ದವಡೆಗಿಟ್ಟುಕೊಂಡರೆ ಕೈ ನಡೆಯುತ್ತಲೇ ಇರುತ್ತದೆ, ಹೊಟ್ಟೆ ಎರಡು ಗಂಟೆಯವರೆಗೆ ಸೊಲ್ಲೆತ್ತುವುದಿಲ್ಲ. ನಮ್ಮನ್ನು ಕೂಲಿಗೆ ಕರೆತಂದ ಮುಕಾದಮ ಗುರುಪಾದ ಇದನ್ನು ಪುಕ್ಕಟೆ ಹಂಚುತ್ತಾನೆ. ಮುಂಬಯಿಯಲ್ಲಿ ನಮಗೆ ಪುಕ್ಕಟೆ ಸಿಕ್ಕಿದ್ದು ಇದೊಂದೇ.

ದಾನವ್ವ ಇಂಡಿ ಕಡೆಯವಳು. ಹನ್ನೊಂದು ವರ್ಷದಿಂದ ಗುರುಪಾದನ ಕೈಕೆಳಗೆ ಇಟ್ಟಿಗೆ ಹೊರುತ್ತಾಳೆ. ಒಂದು ವರ್ಷದಿಂದ ಅವಳ ಬಾಯಿ ಸರಿಯಾಗಿ ತೆರೆಯುತ್ತಿಲ್ಲ. ರೊಟ್ಟಿಯನ್ನು ನೀರಲ್ಲಿ ನೆನೆಸಿ, ಚೂರು ಮಾಡಿ ತೂರಿಸಿಕೊಳ್ಳುತ್ತಾಳೆ.

"ಯಾಕ ದಾನವ್ವ, ಗುಬ್ಬಿಮರಿಗೆ ಉಣಸಾಕ್ಹತ್ತಿಯೇನ?" ಎಂದು ಜೊತೆಗೆ ಇಟ್ಟಿಗೆ ಹೊರುವ ಭಾಗವ್ವ ಕಾಡಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಹೋದ ಸೋಮವಾರ ಗೇಟಿಗೆ 'ತಂಬಾಕು ಮುಕ್ತ ಸೈಟ್' ಎಂಬ ಬೋರ್ಡು ಬಂತು. ಮಂಗಳವಾರ ಡಾಕ್ಟರ್ ಬರುತ್ತಾರೆ, ಬಾಯಿ ನೋಡುತ್ತಾರೆ ಎಂದರು. ಬಾಯಿ ಸ್ವಚ್ಛ ಇರಲಿ ಎಂದು ನಾವು ಹೆಂಗಸರೆಲ್ಲ ಬೆಳಗ್ಗೆ ಎರಡೆರಡು ಸಲ ಮಿಶ್ರಿಯಿಂದ ಹಲ್ಲು ತಿಕ್ಕಿ ಹೋದೆವು. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಡಾಕ್ಟರಮ್ಮ ಮೊದಲ ಬಾಯಿ ನೋಡಿಯೇ ಹಣೆ ಹಿಡಿದುಕೊಂಡರು.

ಸೇಫ್ಟಿ ಆಫೀಸರ್ ಸೃಜನ್ ಚೆಂಬೂರಿನ ಹುಡುಗ. ಕನ್ನಡ ತಡವರಿಸುತ್ತದೆ. "ಮೂರು ಬೆರಳು... ಖಡಾ ಕರ್ಕೆ... ಬಾಯಿಯ ಒಳಗೆ ಹಾಕಿ" ಎಂದು, ಬೆರಳು ಒಂದರ ಮೇಲೊಂದು ನಿಲ್ಲಿಸಿ ತೋರಿಸಿದ. ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಲು. ನನ್ನ ಮೂರೂ ಹೋದವು. ಭಾಗವ್ವನಿಗೆ ಎರಡು. ದಾನವ್ವನಿಗೆ ಒಂದೇ. ಅವಳು ಇನ್ನೊಂದು ತೂರಿಸಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಡಾಕ್ಟರಮ್ಮ ಟಾರ್ಚ್ ಬೆಳಕು ಬಿಟ್ಟು ನೋಡಿ, "ಒಳಗೆ ಹುಣ್ಣಿದೆ. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರ್ ಇರಬಹುದು" ಎಂದು ಹಿಂದಿಯಲ್ಲಿ ಹೇಳಿದರು.

ಸೃಜನ್ ದಾನವ್ವನ ಕೊರಳಿನಿಂದ ಗೇಟ್‌ಪಾಸ್ ತೆಗೆದುಕೊಂಡ. ತಂಬಾಕು ತಿನ್ನುವವರಿಗೆ ಈ ಸೈಟಿನಲ್ಲಿ ಜಾಗವಿಲ್ಲವಂತೆ. ಗುರುಪಾದ ಒಂದು ಕಾಗದ, ಇಂಕಿನ ಪ್ಯಾಡು ತಂದ.

"ಹೆಬ್ಬಟ್ಟ ಒತ್ತು ದಾನವ್ವ. ಆಸ್ಪತ್ರಿ ಚೀಟಿ ಕೊಡಸ್ತೀನಿ."

ಕಾಗದ ಮರಾಠಿಯಲ್ಲಿತ್ತು. ನಾನು ಕುರ್ಲಾದ ಮುನಸಿಪಾಲ್ಟಿ ಮರಾಠಿ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವಳು. ಕಸಿದುಕೊಂಡು ಓದಿ, ಅದರಲ್ಲಿದ್ದುದನ್ನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದೆ: "ಈ ಚಟ ನನ್ನ ಸ್ವಂತದ್ದು. ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ."

ದಾನವ್ವ ಹಲ್ಲಿನ ಸಂದಿಯಿಂದಲೇ ಮಾತಾಡಿದಳು. "ಮಿಶ್ರಿ ನಂದು, ಖರೇನ. ಮಾವಾ ನಿಂದು, ಗುರುಪಾದ. ಹನ್ನೊಂದು ವರ್ಷ ನೀನ ನನ್ನ ಅಂಗೈಗೆ ಹಾಕಿದ್ದಿ. ನಾ ಒತ್ತಂಗಿಲ್ಲ."

"ಒತ್ತಲಿಲ್ಲಂದ್ರ ಚೀಟಿ ಇಲ್ಲ, ಪಾಸೂ ಇಲ್ಲ."

ಅಷ್ಟರಲ್ಲಿ ಕಾಂಕ್ರೀಟಿನ ಲಾರಿಗಳು ಬಂದು ನಿಂತವು. ಅಂದು ಹತ್ತೊಂಬತ್ತನೇ ಮಹಡಿಯ ಸ್ಲ್ಯಾಬ್. ಗುರುಪಾದನ ದನಿ ಬದಲಾಯಿತು. "ಏಳ್ರೆವಾ, ಮ್ಯಾಲ ನಡೀರಿ. ಮಾಲು ಗಟ್ಟಿ ಆಕ್ಕತಿ."

ಭಾಗವ್ವ ನೆಲದ ಮೇಲೆ ಕೂತಳು. ಅವಳ ಹಿಂದೆ ನಾನು. ಆಮೇಲೆ ಹೆಂಗಸರೆಲ್ಲ. ಗಂಡಸರು ಸಲಿಕೆ ಕೆಳಗಿಟ್ಟು, ಅವರೂ ಕೂತರು.

"ಡಾಕ್ಟರಬಾಯಿ, ಮಾವಾ ಯಾರು ಕೊಟ್ರು ಅಂತ ನಿಮ್ಮ ಹಾಳ್ಯಾಗ ಬರೀರಿ" ಎಂದಳು ಭಾಗವ್ವ. ನಾನು ಹಿಂದಿಯಲ್ಲಿ ಹೇಳಿದೆ.

"ಫಾರ್ಮ್‌ನಲ್ಲಿ ಅಂಥ ಕಾಲಮ್ ಇಲ್ಲ" ಎಂದ ಸೃಜನ್.

"ಇಲ್ಲಂದ್ರ ಗೆರಿ ಎಳೀರಿ. ಪೆನ್ನು ಕೈಯಾಗ ಐತೆಲ್ಲ!" ಎಂದಳು ಭಾಗವ್ವ.

ಡಾಕ್ಟರಮ್ಮ ಸೃಜನ್‌ನ ಮುಖ ನೋಡಲಿಲ್ಲ. ಗೆರೆ ಎಳೆದರು. ದಾನವ್ವನ ಹೆಸರಿನ ಮುಂದೆ 'ಮುಕಾದಮ, ಕೆಲಸದ ವೇಳೆಯಲ್ಲಿ' ಎಂದು ಬರೆದು ಸಹಿ ಹಾಕಿದರು. ಆಸ್ಪತ್ರೆಯ ಚೀಟಿಯನ್ನೂ ಅವರೇ ಬರೆದುಕೊಟ್ಟರು. ಆಮೇಲೆ ನಮ್ಮಲ್ಲಿ ಒಬ್ಬೊಬ್ಬರೇ ಎದ್ದು ಹೋಗಿ ತಮ್ಮ ಹೆಸರಿನ ಮುಂದೆಯೂ ಅದನ್ನೇ ಬರೆಸಿದರು.

ಲಾರಿಗಳು ಮಧ್ಯಾಹ್ನವೇ ಮಾಲು ಸಮೇತ ತಿರುಗಿ ಹೋದವು. ಇವತ್ತಿಗೆ ನಾಲ್ಕು ದಿನ. ಅವರು ದಾನವ್ವನ ಪಾಸು ಕೊಟ್ಟಿಲ್ಲ. ನಾವು ಸ್ಲ್ಯಾಬೂ ಹಾಕಿಲ್ಲ.