ಚುಕ್ಕಾಣಿ ಹಿಡಿದವನಿಗೂ ನಿದ್ದೆ ಬೇಕು

ಠಣ್.

ಮನೆಯವರೆಲ್ಲ ಮಲಗಿದ ಮೇಲೆ ನಡುಮನೆಯಿಂದ ಬಂದ ಪುಟ್ಟ ಸದ್ದು ಅದು. ಹೆಂಡತಿ ಎದ್ದು ಬಂದಳು. ಹೊಳೆಯಲ್ಲಿ ಲಾಂಚ್ ಓಡಿಸುವ ಗಂಡ ಕುರ್ಚಿಯಲ್ಲಿ ಕೂತಿದ್ದ. ಬಲಗೈ ಗಾಳಿಯಲ್ಲಿ ಚಾಚಿತ್ತು. ಕೆಳಗೆ ನೆಲದ ಮೇಲೆ ಸ್ಟೀಲಿನ ತಟ್ಟೆ. ಈಗ ತಾನೇ ಬಿದ್ದ ಚಮಚ ಅದರಲ್ಲಿ ಇನ್ನೂ ತೂಗುತ್ತಿತ್ತು.

“ಇದೇನ್ರೀ ಇದು? ಹಾಸಿಗೆ ಇಲ್ವಾ?”

“ಹಾಸಿಗೆ ಮೇಲೆ ಬಿದ್ರೆ ಏಳೋನು ಯಾರು? ಬೆಳಗಿನ ಜಾವ ತರಕಾರಿ ಟ್ರಿಪ್ ಇದೆ.” ಅವನು ಕಣ್ಣುಜ್ಜಿಕೊಂಡು ಚಮಚ ಎತ್ತಿದ. “ತೂಕಡಿಕೆ ಬಂದ್ರೆ ಬೆರಳು ಸಡಿಲ ಆಗುತ್ತೆ, ಚಮಚ ಬೀಳುತ್ತೆ. ಠಣ್ ಅಂದ ಕೂಡ್ಲೆ ಎಚ್ಚರ! ಲಾಂಚಲ್ಲೂ ಹೀಗೇ ಮಾಡೋದು. ಹೇಗಿದೆ ಉಪಾಯ?”

ಜೊತೆಯ ಚಾಲಕ ಕೆಲಸ ಬಿಟ್ಟು ಹೋದ ಮೇಲೆ ಮಾಲೀಕ ಇನ್ನೊಬ್ಬನನ್ನು ಇಟ್ಟಿರಲಿಲ್ಲ. ನಸುಕಿನ ಸರಕಿನಿಂದ ರಾತ್ರಿಯ ಕೊನೆಯ ಟ್ರಿಪ್ಪಿನವರೆಗೆ ಇವನೊಬ್ಬನೇ. ಅದೇ ಲಾಂಚಿನಲ್ಲಿ ದಿನವೂ ಮಗಳು ಶಾಲೆಗೆ ಹೋಗುತ್ತಿದ್ದಳು.

“ಇನ್ನೊಬ್ಬ ಬೇಕು ಅಂತ ಕೇಳಬಾರದಾ?”

“ಕೇಳಿದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ. ನಿದ್ದೆ ಮಾಡೋಕೆ ಯಾರಾದ್ರೂ ಸಂಬಳ ಕೊಡ್ತಾರೇನೇ? ಹೋಗಿ ಮಲಗು.”

ಬೆಳಗ್ಗೆ ಅವಳು ಏನೋ ನೆಪ ಹೇಳಿ ಮಗಳ ಜೊತೆ ಲಾಂಚ್ ಹತ್ತಿದಳು.

ಮಂಜು ದಟ್ಟವಾಗಿತ್ತು. ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ದಡ ಕರಗಿತ್ತು. ಲಾಂಚ್ ಹತ್ತಿಯ ಮೇಲೆ ಸಾಗಿದಂತೆ ಸಾಗುತ್ತಿತ್ತು. ಇಂಜಿನ್ನಿನ ಸದ್ದು ಯಾರೋ ತೊಟ್ಟಿಲು ತೂಗಿದ ಹಾಗೆ. ಶಾಲೆಯ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಒರಗಿದ್ದರು. ಅವಳು ಚಾಲಕನ ಕೋಣೆಯ ಬಾಗಿಲಲ್ಲಿ ನಿಂತಳು.

ಚಮಚ ಬಿತ್ತು. ಠಣ್.

ಗಂಡ ಕದಲಲಿಲ್ಲ. ಕಣ್ಣು ತೆರೆದೇ ಇತ್ತು. ಮುಖದಲ್ಲಿ ತಿಳಿನಗು.

“ಬೀದಿ ಎಷ್ಟು ಚೆನ್ನಾಗಿದೆ ನೋಡು,” ಎಂದ ನೀರಿನ ಕಡೆ ನೋಡುತ್ತ. “ಎರಡೂ ಕಡೆ ದೀಪ ಹಚ್ಚಿದ್ದಾರೆ.”

ಒಂದು ಗಳಿಗೆ ಅವಳಿಗೂ ಆ ಬೀದಿ ಕಂಡಂತಾಯಿತು. ಅಷ್ಟರಲ್ಲಿ ಮಂಜು ಸರಿಯಿತು. ಹಳೆಯ ಸೇತುವೆಯ ಕಲ್ಲುಕಂಬ ಕಣ್ಣೆದುರಿಗೇ ಇತ್ತು.

“ರೀ!”

ಅವಳು ಅವನ ಹೆಗಲು ಹಿಡಿದು ಜಗ್ಗಿದಳು. ಅವನು ಬೆಚ್ಚಿಬಿದ್ದು ಚುಕ್ಕಾಣಿ ತಿರುಗಿಸಿದ. ಲಾಂಚ್ ವಾಲಿತು. ಅದರ ಮಗ್ಗುಲು ಕಂಬಕ್ಕೆ ಕರ್ರನೆ ಉಜ್ಜಿಕೊಂಡು ದಾಟಿತು.

“ಏನಪ್ಪಾ, ನಿನ್ನ ಲಾಂಚಿಗೂ ಮೈ ಕೆರೆತವಾ?” ಎಂದು ಒಬ್ಬ ಅಜ್ಜ ಕೂಗಿದ. ಎಲ್ಲರೂ ನಕ್ಕರು. ಮಗಳೂ ನಕ್ಕಳು. ಗಂಡ ಹೆಂಡತಿ ನಗಲಿಲ್ಲ.

ರಾತ್ರಿ ಗಂಡ ಕೊನೆಯ ಟ್ರಿಪ್ ಮುಗಿಸಿ ಬಂದಾಗ ಅವನ ಅಕ್ಕ ಮನೆಯಲ್ಲಿದ್ದಳು. ಆಕೆ ಸರಕು ಹಡಗಿನಲ್ಲಿ ಅಡುಗೆ ಮಾಡುವವಳು, ರಜೆಯ ಮೇಲೆ ಬಂದಿದ್ದಳು. ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. “ಅತ್ತಿಗೆ, ನೀವಾದ್ರೂ ಬುದ್ಧಿ ಹೇಳಿ ಇವರಿಗೆ.”

“ಚಮಚ ಸಣ್ಣದಾಯ್ತು, ಅಷ್ಟೇ ಅಕ್ಕ,” ಎಂದು ಅವನು ನಗಲು ನೋಡಿದ. “ನಾಳೆ ಸೌಟು ತಗೊಂಡು ಹೋಗ್ತೀನಿ.”

“ಹಂಡೇನೇ ಹೊತ್ಕೊಂಡು ಹೋಗು! ದಿನಾ ಕೇಳಿದ ಸದ್ದು ಕಿವಿಗೆ ಜೋಗುಳ ಆಗುತ್ತೆ ಕಣೋ. ದಣಿದ ಮೈ ಯಾವ ಉಪಾಯಕ್ಕೂ ಬಗ್ಗಲ್ಲ. ಅದಕ್ಕೆ ಬೇಕಾದ್ದು ನಿದ್ದೆ.”

“ನಿಮ್ಮದು ದೊಡ್ಡ ಹಡಗು, ನಿಯಮ ಇದೆ. ನನ್ನದು ಈ ದಡದಿಂದ ಆ ದಡಕ್ಕೆ.”

“ದಡ ಹತ್ತಿರ ಇದ್ರೆ ನಿದ್ದೆ ಕಮ್ಮಿ ಸಾಕಾ? ಕಡಲ ಹಡಗಿನವರಿಗೆ ದಿನಕ್ಕೆ ಹತ್ತು ಗಂಟೆಯಾದ್ರೂ ವಿಶ್ರಾಂತಿ ಸಿಗ್ಬೇಕು ಅಂತ ದೇಶದೇಶಗಳೇ ಒಪ್ಪಿಕೊಂಡಿವೆ. ನಿಮ್ಮ ಲಾಂಚಿಗೆ ಏನು ನಿಯಮ, ಎಷ್ಟು ಜನ ಇರ್ಬೇಕು ಅಂತ ಲೈಸೆನ್ಸ್ ಕೊಡೋ ಕಚೇರೀಲಿ ಕೇಳು. ಒಬ್ಬನೇ ಹೋಗ್ಬೇಡ. ಇಂಜಿನ್ ನೋಡ್ಕೊಳ್ಳೋನು, ಹಗ್ಗ ಕಟ್ಟೋನು, ಎಲ್ರೂ ಒಟ್ಟಿಗೆ ಹೋಗಿ.”

“ಕೆಲಸ ಹೋದ್ರೆ?”

ಈಗ ಹೆಂಡತಿ ಬಾಯಿಬಿಟ್ಟಳು. “ಇನ್ನೊಂದು ಹುಡುಕೋಣ. ಇವತ್ತು ಕಂಬಕ್ಕೆ ಉಜ್ಜಿದಾಗ ಏನೂ ಗೊತ್ತಿಲ್ದೆ ಮಗಳು ನಗ್ತಿದ್ದಳಲ್ಲ ರೀ, ನೋಡಿದ್ರಾ?”

ಅವನು ತಲೆ ತಗ್ಗಿಸಿದ. “ನೋಡಿದೆ,” ಎಂದ. “ನಾಳೆ ನಸುಕಿನ ಟ್ರಿಪ್ ಓಡಿಸಲ್ಲ.”

ಮರುದಿನ ಅವನು, ಇಂಜಿನ್ ನೋಡಿಕೊಳ್ಳುವವನು, ಹಗ್ಗ ಕಟ್ಟುವವನು, ಮೂವರೂ ಲೈಸೆನ್ಸ್ ಕಚೇರಿಗೆ ಹೋಗಿ ವಿಚಾರಿಸಿದರು. ಒಬ್ಬನೇ ಚಾಲಕ ಇಡೀ ದಿನ ಓಡಿಸುವ ಹಾಗಿಲ್ಲ ಎಂದು ಅಲ್ಲಿ ಗೊತ್ತಾಯಿತು. ಅಲ್ಲಿಂದ ನೇರ ಮಾಲೀಕನ ಹತ್ತಿರ ಹೋದರು.

“ಏನಿದು, ಮೆರವಣಿಗೆ?” ಮಾಲೀಕ ಮುಖ ಗಂಟಿಕ್ಕಿದ. “ಎಲ್ಲರಿಗೂ ನಿದ್ದೆ ಬರುತ್ತಪ್ಪಾ, ನನಗೂ ಬರುತ್ತೆ.”

“ಹಾಗಾದ್ರೆ ಕೊನೇ ಟ್ರಿಪ್ ನೀವೇ ಓಡಿಸಿ ಸಾರ್,” ಎಂದ ಹಗ್ಗ ಕಟ್ಟುವವನು. “ಗೊತ್ತಾಗುತ್ತೆ.”

ಮಾಲೀಕ ಗೊಣಗಿದ, ರೇಗಿದ. ಇವರು ಮೂವರೂ ಜಗ್ಗಲಿಲ್ಲ. ಕೊನೆಗೆ ಇನ್ನೊಬ್ಬ ಚಾಲಕ ಬಂದ.

ಹೊಸಬ ಚುಕ್ಕಾಣಿ ಹಿಡಿದ ದಿನ ಗಂಡ ಹಾಡುಹಗಲೇ ಹಾಸಿಗೆಯಲ್ಲಿ ಕಾಲು ಚಾಚಿದ. ಕಿಟಕಿಯ ಪರದೆ ಉಬ್ಬುತ್ತ ಇಳಿಯುತ್ತ ಇತ್ತು. ಕೋಣೆಯೇ ಅವನ ಜೊತೆ ಉಸಿರಾಡುತ್ತಿರುವಂತೆ.

ಅವನು ಮಲಗಿರುವಾಗಲೇ ನಿಮಗೆ ಎರಡು ಮಾತು, ಮೆಲ್ಲಗೆ. ನಿಮ್ಮ ಮನೆಯಲ್ಲೂ ಲಾಂಚ್, ಮೀನಿನ ಬೋಟು, ಹಡಗಿನ ಮೇಲೆ ದುಡಿಯುವವರು ಇದ್ದಾರೆಯೇ? ಅವರು ಎಷ್ಟು ಹೊತ್ತು ನಿದ್ದೆ ಮಾಡಿದರು ಎಂದು ಇವತ್ತೇ ಕೇಳಿ. ವಿಶ್ರಾಂತಿ ಸೋಮಾರಿತನವಲ್ಲ, ಮಾಲೀಕರ ಕೃಪೆಯೂ ಅಲ್ಲ. ಅದು ದುಡಿಯುವವರ ಹಕ್ಕು. ನಿಮ್ಮ ಕೆಲಸಕ್ಕಿರುವ ನಿಯಮವನ್ನು ಕಾರ್ಮಿಕ ಕಚೇರಿಯಲ್ಲೋ ಸಂಘದಲ್ಲೋ ಕೇಳಿ ತಿಳಿಯಿರಿ. ಜೊತೆಯವರನ್ನು ಕರೆದುಕೊಂಡು ಹೋಗಿ. ದಡದಲ್ಲಿ ಕಾಯುವ ನಾವೂ ಪ್ರಯಾಣಿಕರೇ, ನಾವೂ ಕೇಳೋಣ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಊಟಕ್ಕೆ ಎಬ್ಬಿಸಲು ಹೋದಳು. ಎರಡೂ ದಡಕ್ಕೆ ಕೇಳುವಂತೆ ಕೂಗುವ ಆ ಗಂಡಸು ಮೊಣಕಾಲು ಮಡಚಿಕೊಂಡು, ದಿಂಬಿಗೆ ಮುಖ ಒತ್ತಿ, ಎಳೆಯ ದನಿಯಲ್ಲಿ ಗೊಣಗಿದ: “ಅಮ್ಮಾ, ಇನ್ನೊಂದೇ ಒಂದು ಚೂರು...”

ಅವಳು ಚಾಚಿದ ಕೈ ಹಿಂದೆಗೆದುಕೊಂಡಳು. ಹೊದಿಕೆ ಸರಿಮಾಡಿ, ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಅತ್ತಿಗೆಗೆ ಹೇಳಿದರೆ ವರ್ಷವೆಲ್ಲ ನಗುತ್ತಾಳೆ, ಮಗಳಿಗೆ ಹೇಳಿದರೆ ಲಾಂಚಿಗೆಲ್ಲ ಗೊತ್ತಾಗುತ್ತದೆ. ಬೇಡ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.