ಕಾಸಿಯಾನೊನ ಉಸಿರಿನ ಕಾಗದ

ಎರ್ಮೆಲಿಂದಾ ತನ್ನ ರಿಪೇರಿ ಸಾಮಾನಿನ ಡಬ್ಬಿ ಹಿಡಿದು ಗಣಿ ಸಂಘದ ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಪಡಸಾಲೆಯ ಬೆಂಚಿನ ಮೇಲೆ ಹನ್ನೊಂದು ಜನ ಗಣಿಯವರು ಕೂತಿದ್ದರು. ಒಬ್ಬ ಕೆಮ್ಮಿ ಮುಗಿಸಿದರೆ ಇನ್ನೊಬ್ಬ ಶುರು ಮಾಡುತ್ತಿದ್ದ. ಕೊನೆಯಲ್ಲಿ ಕಂಬಳಿ ಹೊದ್ದು, ಗೋಡೆಗೆ ತಲೆಯಾನಿಸಿ ಕೂತವನು ಅವಳ ತಮ್ಮ ಕಾಸಿಯಾನೊ. ಅವಳಿಗಿಂತ ಐದು ವರ್ಷ ಚಿಕ್ಕವನು. ಹೊಸಬರು ನೋಡಿದರೆ ಅವಳ ಅಪ್ಪನೇನೋ ಎಂದುಕೊಳ್ಳಬೇಕು, ಹಾಗಾಗಿದ್ದ.

"ಬಂದ್ಯಾ... ಅಕ್ಕಾ?"

"ಬಂದೆ. ನೀನು ಮಾತಾಡ್ಬೇಡ. ಇರೋ ಗಾಳೀನ ಕೊಳವೆಗೆ ಇಟ್ಕೊ."

ಅವನ ಪಕ್ಕ ಕೂತಿದ್ದ ಫ್ರೊಯಿಲಾನ್ ನಕ್ಕ. ಮೂವತ್ಮೂರರ ಗಟ್ಟಿ ಆಳು, ಕಾಸಿಯಾನೊನ ಜೊತೆ ಒಂದೇ ಸುರಂಗದಲ್ಲಿ ಕೆಲಸ ಮಾಡಿದವನು, ಕಾರ್ನಿವಲ್ ಹಬ್ಬದ ಮೇಳದಲ್ಲಿ ಕಹಳೆ ಊದುವವನು. "ದೋನ್ಯಾ ಎರ್ಮೆಲಿಂದಾ, ಬೇಗ ರಿಪೇರಿ ಮಾಡಿ. ಈ ಮುದುಕರ ಕೆಮ್ಮು ಕೇಳಿ ಕೇಳಿ ನನಗೂ ತಾಳ ಹಿಡೀತಾ ಇದೆ." ಹಿರಿಯ ಹೆಂಗಸರನ್ನು ಊರಿನಲ್ಲಿ ಮರ್ಯಾದೆಯಿಂದ ದೋನ್ಯಾ ಎನ್ನುತ್ತಾರೆ.

"ನೀನ್ಯಾಕೋ ಬಂದೆ?"

"ವರ್ಷಕ್ಕೊಂದ್ಸಲ ಎಲ್ರೂ ಊದ್ಬೇಕಂತೆ, ಸಂಘದ ಹೊಸ ನಿಯಮ. ನಾನು ಊದಿದ್ರೆ ನಿಮ್ಮ ಕಂಪ್ಯೂಟರ್ರೇ ಹಾರಿ ಬೀಳುತ್ತೆ, ಹುಷಾರು."

ಊದುವ ಕೊಳವೆಯ ತಂತಿ ಆಸ್ಪತ್ರೆಯಲ್ಲಿದ್ದ ಒಂದೇ ಕಂಪ್ಯೂಟರಿಗೆ ಸೇರುತ್ತಿತ್ತು, ಅದೇ ಈಗ ಕೆಟ್ಟಿತ್ತು. ಊದಿದ ಉಸಿರನ್ನು ಅದು ಅಳೆದು, ಗೆರೆ ಎಳೆದು, ಗಣಿಯ ಧೂಳಿಗೆ ಎದೆ ಎಷ್ಟು ಕೆಟ್ಟಿದೆ ಎಂದು ಕಾಗದದಲ್ಲಿ ಅಚ್ಚು ಮಾಡಿ ಕೊಡಬೇಕು. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಪಿಂಚಣಿ. ಬದುಕಿದ್ದಾಗ ಆ ಕಾಗದ ಆಗಿದ್ದರೆ ಸತ್ತ ಮೇಲೆ ಹೆಂಡತಿ ಮಕ್ಕಳಿಗೂ ಬರುತ್ತದೆ; ಆಗದಿದ್ದರೆ ಏನೂ ಇಲ್ಲ. ಅದಕ್ಕೆ ರುಜು ಹಾಕುವ ಎದೆರೋಗದ ಡಾಕ್ಟರು ನಗರದಿಂದ ಈ ಬೆಟ್ಟದ ಎತ್ತರಕ್ಕೆ ಬರುವುದು ವರ್ಷಕ್ಕೆ ಎರಡೇ ಸಲ. ಮುಂದಿನ ಸಲ ಆಗಸ್ಟ್. ಕಾಸಿಯಾನೊ ಎರಡು ತಿಂಗಳೊಳಗೆ ಬರುವ ಈಸ್ಟರ್ ಹಬ್ಬ ನೋಡಿದರೆ ಹೆಚ್ಚು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನಿಗೆ ಮೂರು ಮಕ್ಕಳು.

ನಗರದಿಂದ ಬಂದ ಆ ಡಾಕ್ಟರ್ ಬೆಲ್ಮೊಂತೆ ಕಿಟಕಿಯ ಬಳಿ ನಿಂತು ಮೋಡ ನೋಡುತ್ತಿದ್ದರು. "ನಾಲ್ಕಕ್ಕೆ ಹೊರಡ್ತೀನಿ ತಾಯಿ. ಹೊಳೆ ಏರಿದ್ರೆ ಜೀಪು ದಾಟಲ್ಲ. ಆಗುತ್ತೋ ಇಲ್ಲವೋ ಹೇಳಿಬಿಡಿ."

"ಬಿಚ್ಚದೆ ಹೇಗೆ ಹೇಳ್ಲಿ ಡಾಕ್ಟ್ರೇ? ನೀವು ರೋಗೀನ ನೋಡ್ದೆ ಹೇಳ್ತೀರಾ?"

ಅವಳು ಗುಂಡಿ ಒತ್ತಿದಳು. ಒಳಗಿನ ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ತಾನೇ ತಿರುಗಿತು, ನಿಂತಿತು. ಪರದೆ ಕಪ್ಪಗೇ ಇತ್ತು.

ಹದಿನಾಲ್ಕು ವರ್ಷ ಇಂಟರ್‌ನೆಟ್ ಅಂಗಡಿ ನಡೆಸಿದವಳು ಅವಳು. ಶಾಲೆಯಲ್ಲಿ ಕಲಿತದ್ದು ಆರನೇ ತರಗತಿ. ಕೆಟ್ಟ ಯಂತ್ರದ ಮುಂದೆ ಅವಳದು ಒಂದೇ ಪದ್ಧತಿ: ಯಾರು ತಪ್ಪಿತಸ್ಥ ಎಂದು ಮೊದಲೇ ತೀರ್ಮಾನಿಸಬಾರದು, ಒಬ್ಬೊಬ್ಬರನ್ನೇ ಕರೆದು ವಿಚಾರಿಸಬೇಕು. ಮೊದಲು ಪವರ್ ಸಪ್ಲೈ. ಅದನ್ನು ಬೇರೆ ಮಾಡಿ, ಕಡತದ ಒಂದು ಕ್ಲಿಪ್ಪನ್ನು ಬಿಡಿಸಿ ಬಾಗಿಸಿ, ಹಸಿರು ತಂತಿಗೂ ಕಪ್ಪು ತಂತಿಗೂ ಸೇರಿಸಿದಳು. ಅದರ ಫ್ಯಾನು ತಿರುಗಿತು. ಮೀಟರ್ ಹಿಡಿದಳು. ಹನ್ನೆರಡು ವೋಲ್ಟಿಗೆ ಹನ್ನೆರಡು, ಐದಕ್ಕೆ ಐದು. "ಇವನದೇನೂ ಇಲ್ಲ," ಎಂದು ಪಕ್ಕಕ್ಕಿಟ್ಟಳು.

ಆಮೇಲೆ ದೀಪ ಹಿಡಿದು ಮದರ್‌ಬೋರ್ಡಿನ ಮೇಲೆ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಮೆಮರಿ ಪಟ್ಟಿ ಕೂರುವ ಸಂದಿಯಲ್ಲಿ ಹಳದಿ, ಗುಲಾಬಿ ಕಾಗದದ ಚೂರುಗಳು ಅಂಟಿಕೊಂಡಿದ್ದವು. ಬೆರಳು ತಾಗಿಸಿದಳು. ಅಂಟು ಅಂಟು. ಮೂಸಿದಳು. ಬಿಯರ್.

ಕಾರ್ನಿವಲ್ ಕಳೆದು ಇನ್ನೂ ಹತ್ತು ದಿನ ಆಗಿರಲಿಲ್ಲ. ಕಾರ್ನಿವಲ್ಲಿನ ಮಂಗಳವಾರ ಊರಿನಲ್ಲಿ ಒಂದೂ ಯಂತ್ರ ಒಣಗಿ ಉಳಿಯುವುದಿಲ್ಲ. ಲಾರಿಗೆ, ಗಣಿಯ ಡ್ರಿಲ್ಲಿಗೆ, ಹೊಲಿಗೆ ಮಿಷಿನ್ನಿಗೆ, ಎಲ್ಲಕ್ಕೂ ಬಿಯರ್ ಚಿಮುಕಿಸಿ, ಬಣ್ಣದ ಕಾಗದ ಎರಚಿ, ವರ್ಷವಿಡೀ ಕೈಬಿಡಬೇಡ ಎಂದು ಭೂಮಿತಾಯಿಗೆ ಬೇಡಿಕೊಳ್ಳುತ್ತಾರೆ. ಎರ್ಮೆಲಿಂದಾಳೂ ಮಾಡುತ್ತಾಳೆ. ಆದರೆ ಅವಳು ಬೆರಳು ಅದ್ದಿ ಮೇಜಿನ ಕಾಲಿಗೆ ಸವರುತ್ತಾಳೆ.

"ಹಸಿಂತಾ," ಎಂದು ನರ್ಸನ್ನು ಮೆಲ್ಲಗೆ ಕರೆದಳು. "ಇಲ್ಲಿ ಬಾರೇ ಸ್ವಲ್ಪ."

ಹಸಿಂತಾ ಬಂದು ನೋಡಿ ಕೆಂಪಾದಳು. "ಎರಡೇ ಎರಡು ಹನಿ ದೋನ್ಯಾ."

"ಎರಡು ಹನಿ? ಇದು ಕುಡಿದು ಹಾಡ್ದೇ ಇದ್ದಿದ್ದೇ ಹೆಚ್ಚು! ಬಾಟ್ಲಿ ಪೂರ್ತಿ ಸುರಿದಿದ್ದೀಯ."

"ಹೋದ ವರ್ಷ ಎರಡ್ಸಲ ಕೆಟ್ಟಿತ್ತಲ್ಲ... ಈ ಸಲ ಸ್ವಲ್ಪ ಜಾಸ್ತಿ ಕೊಟ್ರೆ ಒಳ್ಳೇದಾಗುತ್ತೆ ಅಂತ..." ಅವಳ ಕಣ್ಣು ಪಡಸಾಲೆಯ ಕಡೆ ಹೋಯಿತು. "ಡಾಕ್ಟ್ರಿಗೆ ಹೇಳ್ಬೇಡಿ. ಕೆಲಸ ಹೋಗುತ್ತೆ."

ಎರ್ಮೆಲಿಂದಾಳಿಗೆ ಮೈ ಉರಿದುಹೋಯಿತು. ಆದರೆ ಬೈದರೆ ಗಂಟೆ ಹಿಂದಕ್ಕೆ ಹೋಗುವುದಿಲ್ಲ. ಜೊತೆಗೆ, ಇವತ್ತು ಈ ಕೋಣೆಯಲ್ಲಿ ತನಗೊಬ್ಬಳು ಬೇಕಾದವಳು ಇದ್ದರೆ ಒಳ್ಳೆಯದು ಎಂದೂ ಅನಿಸಿತು.

"ಏನಂತೆ?" ಎಂದರು ಡಾಕ್ಟರು.

"ಧೂಳು ಡಾಕ್ಟ್ರೇ. ಈ ಊರಲ್ಲಿ ಇನ್ನೇನಿರುತ್ತೆ?"

ಮೆಮರಿ ಪಟ್ಟಿ ಕಿತ್ತು ಗುಂಡಿ ಒತ್ತಿದಳು. ಈಗ ಫ್ಯಾನು ನಿಲ್ಲದೆ ತಿರುಗಿತು, ಯಂತ್ರ ಉದ್ದಕ್ಕೆ ಕೂಗಿಕೊಂಡಿತು. ಅಂದರೆ ಬೋರ್ಡು ಸತ್ತಿಲ್ಲ. ಪಟ್ಟಿ ಇಲ್ಲ ಎಂದು ಅಳುತ್ತಿದೆ. ಪಟ್ಟಿಯನ್ನು ರಬ್ಬರಿನಿಂದ ಉಜ್ಜಿದಳು. ಬೆಂಚಿನವರ ಹತ್ತಿರ ಕುಡಿಯುವ ಸ್ಪಿರಿಟ್ ಇದ್ದೇ ಇರುತ್ತದೆ, ಅದನ್ನು ಇಸಿದುಕೊಂಡು ಒರೆಸಿದಳು. ಚೊಕ್ಕಟವಾಗಿದ್ದ ಎರಡನೇ ಸಂದಿಯಲ್ಲಿ ಕೂರಿಸಿದಳು. ಫ್ಯಾನು ತಿರುಗಿ, ನಿಂತಿತು. ಪಟ್ಟಿಯನ್ನು ಬೆಳಕಿಗೆ ಹಿಡಿದಾಗ ಕಂಡಿತು. ಬಂಗಾರದ ಬಣ್ಣದ ಹಲ್ಲುಗಳಲ್ಲಿ ಮೂರು ಸುಟ್ಟು ಕಪ್ಪಾಗಿದ್ದವು.

"ಇವನೇ," ಎಂದಳು. "ಸತ್ತಿದ್ದಾನೆ."

ಅಂಥದೇ ಪಟ್ಟಿ ಊರಿನಲ್ಲಿ ಇದ್ದದ್ದು ಅವಳ ಅಂಗಡಿಯ ಯಂತ್ರದಲ್ಲಿ. ಇಳಿಜಾರಿನಲ್ಲಿ ಹೋಗಿ, ಕಿತ್ತುಕೊಂಡು, ಏರು ಹತ್ತಿ ಬರುವಷ್ಟರಲ್ಲಿ ಮೂರು ಗಂಟೆ ಆಗಿತ್ತು. ಪಟ್ಟಿ ಕೂರಿಸಿದಳು. ಒಂದು ಚಿಕ್ಕ ಕೂಗು, ಆಮೇಲೆ ಪರದೆಯ ಮೇಲೆ ಬೆಳಕು.

ಬೆಂಚಿನವರು ಚಪ್ಪಾಳೆ ತಟ್ಟಿದರು. ಅವರಲ್ಲೇ ಹಿರಿಯನೊಬ್ಬ, "ಕಾಸಿಯಾನೊ ಮೊದಲು ಹೋಗ್ಲಿ, ಅವರಕ್ಕ ತಾನೇ ಸರಿಮಾಡಿದ್ದು," ಎಂದ. ಯಾರೂ ಬೇಡ ಎನ್ನಲಿಲ್ಲ. ಎಲ್ಲರಿಗೂ ಕಣ್ಣಿತ್ತು.

ಫ್ರೊಯಿಲಾನ್ ಅವನನ್ನು ತೋಳು ಹಿಡಿದು ಒಳಗೆ ತಂದು ಕೂರಿಸಿದ. ಹಸಿಂತಾ ಮೂಗಿಗೆ ಕ್ಲಿಪ್ಪು ಹಾಕಿ ಕೊಳವೆ ಕೊಟ್ಟಳು. "ಜೋರಾಗಿ ಊದಿ, ಆರು ಎಣಿಸೋವರೆಗೂ ನಿಲ್ಲಿಸ್ಬೇಡಿ. ಹಾಗೆ ಮೂರ್ಸಲ."

ಕಾಸಿಯಾನೊ ಊದಿದ. ಎರಡು ಎಣಿಸುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಪ್ರಯತ್ನ ಸಾಲದು, ಮತ್ತೆ ಊದಿ. ಮತ್ತೆ ಊದಿದ. ಮತ್ತೆ ಕೆಂಪು. ಐದನೇ ಸಲಕ್ಕೆ ತುಟಿ ನೀಲಿಯಾಯಿತು. ಎಂಟನೇ ಸಲ ಊದಿದಾಗ ಕೊಳವೆಯಲ್ಲಿ ರಕ್ತದ ಎಳೆ ಕಂಡಿತು. ಡಾಕ್ಟರು ಅದನ್ನು ಅವನ ಕೈಯಿಂದ ಮೃದುವಾಗಿ ತೆಗೆದುಕೊಂಡರು.

"ಸಾಕು."

"ಕಾಗದ?" ಎಂದಳು ಎರ್ಮೆಲಿಂದಾ.

"ಆಗಲ್ಲ ತಾಯಿ. ಮೂರು ಸಲ ಸರಿಯಾಗಿ ಊದದೆ ಅದು ಅಚ್ಚು ಕೊಡಲ್ಲ. ಬೇಕಂತಲೇ ಮೆಲ್ಲಗೆ ಊದಿ ಮೋಸ ಮಾಡ್ತಿದ್ರು ಕೆಲವರು, ಅದಕ್ಕೆ ಹೀಗೆ ಮಾಡಿಟ್ಟಿದ್ದಾರೆ."

"ಇವನು ಮೋಸ ಮಾಡ್ತಿದಾನಾ? ಕಣ್ಣಾರೆ ನೋಡಿದ್ರಲ್ಲ. ಕೈಯಲ್ಲೇ ಬರೆದುಕೊಡಿ."

"ಪಿಂಚಣಿ ಕಚೇರಿಯವರು ಕೈಬರಹ ತಗೊಳಲ್ಲ. ಎರಡು ವರ್ಷದಿಂದ ಬರೆದು ಕಳಿಸಿದ್ದೆಲ್ಲ ವಾಪಸ್ ಬಂದಿದೆ. ಅಚ್ಚಿನ ಹಾಳೆ ಒಂದಿದ್ರೆ, ಅದ್ರಲ್ಲಿ ಎಷ್ಟೇ ಇರ್ಲಿ, ಎಕ್ಸ್‌ರೇ ಸೇರಿಸಿ ನಾನು ವಾದ ಮಾಡಬಹುದಿತ್ತು. ಹಾಳೆಯೇ ಇಲ್ಲ ಅಂದ್ರೆ..." ಅವರು ಕೈ ಒರೆಸಿಕೊಂಡರು. ಜೀಪಿನ ಡ್ರೈವರು ಹೊರಗಿನಿಂದ ಕರೆದ. ಹೊಳೆಯ ಸುದ್ದಿ ಕೇಳಲು ಅವರು ಹೋದರು.

ಕೋಣೆಯಲ್ಲಿ ನಾಲ್ವರೇ ಉಳಿದರು. ಎಂಟು ಸಲ ಊದಿ ಬಸವಳಿದ ಕಾಸಿಯಾನೊ ಕಣ್ಣು ಮುಚ್ಚಿದ್ದ. ಪರದೆಯ ಮೇಲೆ ಅವನ ಹೆಸರು ಇನ್ನೂ ತೆರೆದೇ ಇತ್ತು.

ಎರ್ಮೆಲಿಂದಾ ಹೋಗಿ ಬಾಗಿಲು ಮುಂದೆ ಮಾಡಿದಳು. "ಫ್ರೊಯಿಲಾನ್, ನೀನು ಊದು."

"ಎಲ್ಲಿಗೆ?"

"ಅವನ ಹೆಸರಿಗೆ. ಅರ್ಧ ಉಸಿರಲ್ಲಿ ಊದು. ಆದ್ರೆ ಆರು ಎಣಿಸೋವರೆಗೆ ಬಿಡ್ಬೇಡ."

ಫ್ರೊಯಿಲಾನ್ ಹಸಿಂತಾಳನ್ನು ನೋಡಿದ. ಹಸಿಂತಾ ಎರ್ಮೆಲಿಂದಾಳನ್ನು ನೋಡಿದಳು. ಆಮೇಲೆ ಮಾತಿಲ್ಲದೆ ಹೊಸ ಕೊಳವೆ ಸಿಕ್ಕಿಸಿದಳು.

ಅವನು ಅರ್ಧ ಊದಿದ. ಕೆಂಪು ಅಕ್ಷರ ಬಂತು.

"ಕಳ್ಳಾಟ ಗೊತ್ತಾಗುತ್ತೆ ಅದಕ್ಕೆ," ಎಂದಳು ಹಸಿಂತಾ. "ಪೂರ್ತಿ ಊದ್ಬೇಕು."

"ಪೂರ್ತಿ ಊದಿದ್ರೆ ಇವನು ಗೂಳಿ ಹಾಗಿದ್ದಾನೆ ಅಂತ ಬರುತ್ತೆ ಕಣೇ! ಪಿಂಚಣಿ ಬದ್ಲು ನಾಳೆ ಡ್ರಿಲ್ ಕೊಟ್ಟು ಕೆಳಗಿಳಿಸ್ತಾರೆ," ಎಂದ ಫ್ರೊಯಿಲಾನ್.

"ಎಷ್ಟಾದ್ರೂ ಬರ್ಲಿ," ಎಂದಳು ಎರ್ಮೆಲಿಂದಾ. "ಹಾಳೆ ಒಂದು ಬರ್ಲಿ. ಡಾಕ್ಟ್ರು ಹೇಳಿದ್ದು ಕೇಳಿದ್ಯಲ್ಲ. ಊದೋ."

ಫ್ರೊಯಿಲಾನ್ ಎದ್ದು ನಿಂತು, ಕಹಳೆಗೆ ಊದುವವನಂತೆ ಎದೆ ಉಬ್ಬಿಸಿ ಊದಿದ. ಕುತ್ತಿಗೆಯ ನರಗಳು ಎದ್ದವು. ಹಸಿಂತಾ ಆರು ಎಣಿಸಿದಳು. ಹಸಿರು ಗೆರೆ ಬಂತು. ಎರಡನೇ ಸಲ, ಹಸಿರು. ಮೂರನೇ ಸಲ, ಹಸಿರು. ಅವನು ಮೇಜು ಹಿಡಿದುಕೊಂಡು ಏದುಸಿರು ಬಿಡುತ್ತಾ, "ಈ ಎತ್ತರದಲ್ಲಿ ಎಲ್ರಿಗೂ ಹೀಗೇ," ಎಂದು ನಕ್ಕ.

ಪ್ರಿಂಟರು ಹಾಳೆ ಹೊರಹಾಕಿತು. ಹಸಿಂತಾ ಕೊನೆಯ ಸಾಲಿಗೆ ಹಾರಿ ಓದಿದಳು. "ಅರವತ್ತೆರಡು! ದೋನ್ಯಾ, ನೂರಕ್ಕೆ ಅರವತ್ತೆರಡು ಭಾಗ ಕೆಟ್ಟಿದೆ ಅಂತ ಬಂದಿದೆ! ಸಾಕು, ಸಾಕು, ಇಷ್ಟೇ ಬೇಕಿದ್ದಿದ್ದು..."

ಅವಳ ಕಣ್ಣು ಫ್ರೊಯಿಲಾನ್ ಕಡೆ ಹೋಯಿತು. ಹಾಳೆಯನ್ನು ಮಡಿಸುವುದೋ ಬಿಡುವುದೋ ತಿಳಿಯದೆ ಹಿಡಿದುಕೊಂಡಳು.

ಫ್ರೊಯಿಲಾನ್ ಕೈ ಚಾಚಿ ಹಾಳೆ ತೆಗೆದುಕೊಂಡು ಓದಿದ. ನಿಧಾನಕ್ಕೆ, ಒಂದೊಂದೇ ಸಾಲು. "ನಾನು ಪೂರ್ತಿ ಊದ್ದೆ," ಎಂದ.

"ಯಂತ್ರ ಕೆಟ್ಟು ಸರಿಯಾಗಿದೆಯಲ್ಲ," ಎಂದಳು ಹಸಿಂತಾ. "ಒಂದೊಂದ್ಸಲ..."

ಅವನು ಎರ್ಮೆಲಿಂದಾಳ ಕಡೆ ತಿರುಗಿದ. "ನೀವು ಹೇಳಿ ದೋನ್ಯಾ. ನೀವೇ ತಾನೇ ರಿಪೇರಿ ಮಾಡಿದ್ದು. ಇದು ಸುಳ್ಳು ಹೇಳುತ್ತಾ?"

ಹೌದು ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಅವನು ಇನ್ನೆರಡು ವರ್ಷ ನಗುತ್ತಾ ಇರುತ್ತಿದ್ದನೇನೋ. ಆದರೆ ಅವಳು ಯಂತ್ರದ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳಿದವಳಲ್ಲ. ಧೂಳು ಎಂದು ಇವತ್ತು ಹೇಳಿದ ಒಂದನ್ನು ಬಿಟ್ಟರೆ.

"ಮೆಮರಿ ಹೋಗಿತ್ತು ಅಷ್ಟೇ," ಎಂದಳು. "ಅಳೆಯೋದೆಲ್ಲ ಸರಿಯಾಗಿದೆ."

ಬೆಲ್ಮೊಂತೆ ಒಳಗೆ ಬಂದು ಹಾಳೆ ನೋಡಿದರು. ಕಣ್ಣು ಮುಚ್ಚಿ ಕೂತ ಕಾಸಿಯಾನೊನನ್ನು ನೋಡಿದರು, ಬೆವರುತ್ತಿದ್ದ ಫ್ರೊಯಿಲಾನ್‌ನನ್ನು ನೋಡಿದರು.

"ಸ್ವಲ್ಪ ಸುಧಾರಿಸ್ಕೊಂಡು ಊದಿದ್ರು ಡಾಕ್ಟ್ರೇ," ಎಂದಳು ಹಸಿಂತಾ.

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆಮೇಲೆ ರುಜು ಹಾಕಿ, ಮೊಹರು ಒತ್ತಿ, ಹಾಳೆಯನ್ನು ಎರ್ಮೆಲಿಂದಾಳಿಗೆ ಕೊಟ್ಟರು. "ಮುಂದಿನವರು," ಎಂದರು, ಹೆಸರುಗಳ ಪಟ್ಟಿ ನೋಡದೆ, ಫ್ರೊಯಿಲಾನ್ ಕಡೆ ತಿರುಗಿ. "ನೀನು."

"ನಾನು ಹೊರಗೆ ಹೋಗಿ ಬರ್ತೀನಿ," ಎಂದ ಫ್ರೊಯಿಲಾನ್.

ಅವನು ಬರಲಿಲ್ಲ. ಇನ್ನೊಬ್ಬ ಒಳಗೆ ಹೋಗಿ ಊದತೊಡಗಿದ ಮೇಲೆ ಎರ್ಮೆಲಿಂದಾ ಹೊರಗೆ ಬಂದಳು. ಮಳೆ ಸಣ್ಣಗೆ ಹನಿಯುತ್ತಿತ್ತು. ಫ್ರೊಯಿಲಾನ್ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಒಳಗೆ ಬಾ," ಎಂದಳು. "ನಿನ್ನ ಹೆಸರಲ್ಲೂ ಒಂದು ಕಾಗದ ಆಗ್ಲಿ. ಡಾಕ್ಟ್ರು ಇದ್ದಾಗಲೇ ಆಗ್ಲಿ."

"ಹದಿನೈದು ವರ್ಷ ದುಡಿದವರಿಗೆ ಮಾತ್ರ ಪಿಂಚಣಿ. ನನ್ನದು ಒಂಬತ್ತು." ಅವನು ಇನ್ನೊಂದು ಬೂಟಿಗೆ ಕೈ ಹಾಕಿದ. "ಕಾಗದ ಆದ್ರೆ ನಾಳೆಯಿಂದ ಕೆಳಗೆ ಬಿಡಲ್ಲ. ಆ ಕಡೆ ಪಿಂಚಣೀನೂ ಇಲ್ಲ, ಈ ಕಡೆ ಕೂಲೀನೂ ಇಲ್ಲ."

"ಆರು ವರ್ಷ ಇನ್ನೂ ಕೆಳಗಿಳೀತೀಯಾ?"

"ನೀವೇ ಹೇಳಿ, ಎಷ್ಟು ವರ್ಷ ಇಳೀಬಹುದು? ಅಳೆದಿದ್ದೀರಲ್ಲ."

ಮಡಿಸಿದ ಹಾಳೆ ಅವಳ ಶಾಲಿನ ಒಳಗೆ ಬೆಚ್ಚಗಿತ್ತು. ಅದನ್ನು ವಾಪಸ್ ಕೊಡಲು ಮನಸ್ಸಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾಲ್ಕರ ಪಾಳಿಯ ಸೈರನ್ ಕೂಗಿತು. ಫ್ರೊಯಿಲಾನ್ ಎದ್ದು ಹೆಲ್ಮೆಟ್ ಹಾಕಿಕೊಂಡ. "ಕಾಸಿಯಾನೊಗೆ ಹೇಳ್ಬೇಡಿ," ಎಂದ. "ತಾನೇ ಊದಿದ್ದು ಅಂದ್ಕೊಂಡಿರ್ಲಿ."

ಗಣಿಯ ಏರು ದಾರಿಯಲ್ಲಿ ಪಾಳಿಯ ಉಳಿದವರ ಜೊತೆ ಸೇರಿಕೊಂಡ. ಸ್ವಲ್ಪ ದೂರ ಹೋಗಿ, ಕಲ್ಲಿನ ಗೋಡೆಗೆ ಕೈ ಊರಿ ನಿಂತ. ಯಾರೋ ಏನೋ ಕೇಳಿದರು. ಅವನು ತಮಾಷೆ ಹೇಳಿರಬೇಕು, ಎಲ್ಲರೂ ನಕ್ಕಿದ್ದು ಕೇಳಿಸಿತು.